ನಾನು ಕೆಂಪು ಶಾಯಿಯಲ್ಲಿ ತಿದ್ದಿದ ಪದ

ಶಹಾಬಾದಿನ ಚರ್ಚಿನಲ್ಲಿ, ಶವಪೆಟ್ಟಿಗೆ ಎದುರಿಗಿರುವಾಗಲೇ, ನಾನು ಎದ್ದು ನಿಂತು ಪಾಸ್ಟರರ ಮಾತನ್ನು ನಡುವೆ ತಡೆದೆ. "ಏನಂದ್ರಿ? ಆ ಹೆಸರು ಇನ್ನೊಮ್ಮಿ ಹೇಳ್ರಿ" ಎಂದೆ. ಮೆಲ್ಲಗೆ ಅಂದೆನೆಂದುಕೊಂಡಿದ್ದೆ, ಹಿಂದಿನ ಬೆಂಚಿನವರೆಗೂ ಕೇಳಿಸಿತಂತೆ. ಸತ್ತವರ ಮನೆಯವರೆಲ್ಲ ತಿರುಗಿ ನೋಡಿದರು. ಪಕ್ಕದಲ್ಲಿದ್ದ ನಮ್ಮ ಹಳೆಯ ಡ್ರಾಯಿಂಗ್ ಮೇಡಂ ನನ್ನ ಸೆರಗು ಹಿಡಿದೆಳೆದು, "ಕುಂದ್ರಿ ಟೀಚರ್, ಏನಾಗ್ಯದ ನಿಮಗ?" ಎಂದರು. ಪಾಸ್ಟರರು ಪಾಪ, ಸಣ್ಣ ವಯಸ್ಸಿನವರು. ಗಾಬರಿಯಾಗಿ ಕೈಯಲ್ಲಿದ್ದ ಗ್ರಂಥವನ್ನೊಮ್ಮೆ, ನನ್ನನ್ನೊಮ್ಮೆ ನೋಡಿ, "ಊರೀಯ, ಅಮ್ಮಾ. ಹಿತ್ತಿಯರ ಕುಲದ ಊರೀಯ" ಎಂದರು. ನಾನು ಕುಳಿತೆ.

ಪೆಟ್ಟಿಗೆಯಲ್ಲಿದ್ದವರು ವಾಡಿಯ ನಮ್ಮ ಶಾಲೆಯಲ್ಲಿ ಇತಿಹಾಸ ಕಲಿಸುತ್ತಿದ್ದ ಮಾಸ್ತರರು. ಅವರ ಹೆಸರನ್ನು ನಾನಿಲ್ಲಿ ಬರೆಯುವುದಿಲ್ಲ. ಗೌರವಕ್ಕೋ ಸಿಟ್ಟಿಗೋ ಎಂದು ಕೇಳಿದರೆ, ಎರಡಕ್ಕೂ. ಹಳೆಯ ವಿದ್ಯಾರ್ಥಿಗಳು ಅವರ ನೆನಪಿಗೆ ಒಂದು ಪುಸ್ತಿಕೆ ತರುತ್ತಿದ್ದಾರೆ. ನಾನೀಗ ಇರುವ ಸೇಡಂಗೇ ಬಂದು ಕುಳಿತು, "ಟೀಚರ್, ನಿಮ್ಮಷ್ಟು ಅವರನ್ನ ಬಲ್ಲವರು ಮತ್ಯಾರದಾರ್ರಿ? ನಾಕು ಪುಟ ಬರ್ದು ಕೊಡ್ರಿ" ಎಂದರು. ಬಲ್ಲವರಂತೆ, ಬಲ್ಲವರು! ಮೂವತ್ತು ವರ್ಷಕ್ಕೂ ಮೇಲೆ ಅವರ ನೆರಳಿನಲ್ಲಿ ಬೆಳೆದವಳು ನಾನು. ನನಗೆ ಏನೂ ಗೊತ್ತಿರಲಿಲ್ಲ ಎಂಬುದು ಗೊತ್ತಾದದ್ದು ಅವರ ಹೆಣದ ಮುಂದೆ.

ಬರೆಯುತ್ತೇನೆ ಎಂದು ಒಪ್ಪಿಕೊಂಡಿದ್ದೇನೆ. ಇದ್ದದ್ದು ಇದ್ದ ಹಾಗೆ ಬರೆಯುತ್ತೇನೆ. ಹಾಕುವುದು ಬಿಡುವುದು ಅವರಿಗೆ ಬಿಟ್ಟದ್ದು.

ಮಾಸ್ತರರು ಮೂಲತಃ ಚಿಂಚೋಳಿ ಕಡೆಯವರು, ತೆಲಂಗಾಣದ ಗಡಿಗೆ ಅಂಟಿದ ಹಳ್ಳಿ. ಮನೆ ಮಾಡಿದ್ದು ಶಹಾಬಾದಿನಲ್ಲಿ. ದಿನಾ ಬೆಳಿಗ್ಗೆ ಪ್ಯಾಸೆಂಜರ್ ಗಾಡಿಯಲ್ಲಿ ವಾಡಿಗೆ ಬಂದಿಳಿಯುತ್ತಿದ್ದರು. ಸಿಟ್ಟು ಬಂದರೆ ಮೊದಲು ತೆಲುಗು ಬರುತ್ತಿತ್ತು, ಸಿಟ್ಟು ಇಳಿದ ಮೇಲೆ ಕನ್ನಡ. "ಏಮಿರಾ ಇದಿ!" ಎಂದು ಗುಡುಗಿದರೆ ಇಡೀ ವರಾಂಡ ಚುಪ್. ಐದು ನಿಮಿಷ ಬಿಟ್ಟು ಅದೇ ಹುಡುಗನ ಹೆಗಲ ಮೇಲೆ ಕೈಯಿಟ್ಟು, "ಊಟ ಮಾಡಿ ಬಂದೀಯೇನಪ್ಪ?" ಎಂದು ಕೇಳುತ್ತಿದ್ದರು. ಊಟದ ಬಿಡುವಿನಲ್ಲಿ ನನ್ನ ಡಬ್ಬಿಯ ಪುಂಡಿಪಲ್ಯ ಅವರಿಗೆ, ಅವರ ಡಬ್ಬಿಯ ಅನ್ನ ನನಗೆ. ನನ್ನನ್ನು ಶಾಲೆಯಲ್ಲಿ ಎಲ್ಲರ ಮುಂದೆ "ಟೀಚರ್" ಎನ್ನುತ್ತಿದ್ದರು, ಯಾರೂ ಇಲ್ಲದಾಗ "ಯವ್ವಾ".

ಅವರಿಗೆ ಒಂದೇ ಒಂದು ಭಯವಿತ್ತು. ಸಹಿ ಹಾಕುವುದು. ನೀವು ನಗಬಹುದು, ನಾವೆಲ್ಲರೂ ನಕ್ಕವರೇ. ಹಾಜರಿ ಪುಸ್ತಕದಲ್ಲಿ ನಾವು ಒಂದು ಗೀರೆಳೆದು ಓಡಿದರೆ ಅವರು ಪುಟವನ್ನು ಮೇಲಿಂದ ಕೆಳಗೆ ಓದಿ, ತಾರೀಖು ನೋಡಿ, ಆಮೇಲೆ ಪೆನ್ನಿನ ಟೊಪ್ಪಿಗೆ ತೆಗೆಯುತ್ತಿದ್ದರು. ಒಮ್ಮೆ ಅವರ ಮನೆಗೆ ಗ್ಯಾಸ್ ಸಿಲಿಂಡರ್ ತಂದವನು ಅದನ್ನು ಹೆಗಲ ಮೇಲೆ ಹೊತ್ತೇ ನಿಂತಿದ್ದ. ಇವರು ರಸೀದಿಯ ಹಿಂಬದಿಯ ಸಣ್ಣ ಅಕ್ಷರ ಓದುತ್ತಿದ್ದರು. "ಸಾಬ್, ಕುತ್ತಿಗಿ ಮುರೀಲಿಕತ್ತದ, ಜಲ್ದಿ ಸಹಿ ಹಾಕ್ರಿ" ಎಂದರೆ, "ಇಳಸೋ ಮಾರಾಯ, ನಿನಗ್ಯಾರು ಹೊತ್ಕೊಂಡು ನಿಲ್ಲಂದ್ರು? ಓದಿ ಹಾಕ್ತೀನಿ" ಎಂದರಂತೆ.

ಇನ್ನೊಮ್ಮೆ ಅವರ ಹಳೆಯ ವಿದ್ಯಾರ್ಥಿಗಳಿಬ್ಬರು ಚಿತ್ತಾಪುರದ ಕಚೇರಿಯಲ್ಲಿ ನೋಂದಣಿ ಮದುವೆ ಮಾಡಿಕೊಳ್ಳಲು ಹೊರಟು ಇವರನ್ನು ಸಾಕ್ಷಿಗೆ ಕರೆದೊಯ್ದರು. ಜೊತೆಗೆ ನಾನೂ ಇದ್ದೆ. ಮಾಸ್ತರರು ಹುಡುಗಿಯನ್ನು ಕಿಟಕಿಯ ಹತ್ತಿರ ಕೂಡಿಸಿಕೊಂಡು ಕೇಳಿದ್ದೇ ಕೇಳಿದ್ದು. "ನಿನ್ನ ಮನಸಿದ್ದು ಬಂದೀಯೇನವ್ವ? ಯಾರರೆ ಹೆದರಿಸ್ಯಾರೇನು? ಖರೆ ಹೇಳು." ಹುಡುಗಿ ಹೌದು ಹೌದು ಎಂದು ಸುಸ್ತಾಗಿ ಅಳತೊಡಗಿತು. ಅತ್ತಿದ್ದಕ್ಕೆ ಇವರಿಗೆ ಮತ್ತೆ ಅನುಮಾನ! ಅಷ್ಟರಲ್ಲಿ ಅಧಿಕಾರಿ ಪುಸ್ತಕ ಮುಚ್ಚಿ ಊಟಕ್ಕೆ ಹೋದರು. ಮದುಮಗ ನನ್ನ ಮುಂದೆ ಕೈ ಮುಗಿದು, "ಟೀಚರ್, ನೀವರೆ ಹೇಳ್ರಿ" ಎಂದ. ನಾನು ಬೈದೆ. ಅದಕ್ಕೆ ಅವರು, "ಕಣ್ಣಲೆ ನೋಡಲಾರದ್ದಕ್ಕ ಸಾಕ್ಷಿ ಹಾಕಬಾರದು ಯವ್ವಾ. ಭಾಳ ದೊಡ್ಡ ತಪ್ಪದು" ಎಂದಿದ್ದರು. ಎಂಥ ಸತ್ಯವಂತರಪ್ಪ ಎಂದುಕೊಂಡು ನಾನು ಅಂದು ಸುಮ್ಮನಾದೆ.

ಅವರು ಕ್ರೈಸ್ತರು, ನಾವು ಬೌದ್ಧರು. ಅವರ ಗ್ರಂಥದ ಒಂದು ಅಕ್ಷರವೂ ನನಗೆ ತಿಳಿಯದು. ಆದರೆ ಅದರೊಳಗಿನ ಯೆಹೂದ್ಯರ ರಾಜರ ಸುದ್ದಿಯನ್ನು ಮಾಸ್ತರರು ಊಟದ ಹೊತ್ತಿನಲ್ಲಿ ಎಷ್ಟು ಹೇಳುತ್ತಿದ್ದರೆಂದರೆ, ಆ ರಾಜರು ಶಹಾಬಾದಿನ ಗಲ್ಲಿಯಲ್ಲೇ ಇದ್ದವರೇನೋ ಅನ್ನಿಸುತ್ತಿತ್ತು. "ರಾಜ್ಯ ಹೋಯ್ತು, ಗುಡಿ ಸುಟ್ಟು ಹೋಯ್ತು, ಜನರನ್ನ ಹಿಡ್ಕೊಂಡು ಬಾಬಿಲೋನಿಗೆ ಒಯ್ದ್ರು. ನಮ್ಮ ಕಡಿ ರಾಜರು ಹೋದ್ರ ಒಂದು ಕೋಟೆ ಉಳೀತದ, ಒಂದು ಗುಂಬಜ್ ಉಳೀತದ. ಅವರ ಕೈಯಾಗ ಏನಿತ್ತು? ಓದೋ ಸುರುಳಿ ಅಷ್ಟೇ. ರಾಜರನ್ನೆಲ್ಲ ಅದರಾಗೇ ಇಟ್ಕೊಂಡ್ರು. ವರ್ಷಾ ವರ್ಷಾ ಓದಿದ್ರು, ಮಕ್ಕಳಿಗೆ ಓದಿಸಿದ್ರು" ಎನ್ನುತ್ತಿದ್ದರು.

ಹಾಗೆ ಇಟ್ಟುಕೊಂಡದ್ದು ಹೊಗಳುವುದಕ್ಕಲ್ಲ ಎಂಬುದೇ ಅವರಿಗೆ ಹಿಗ್ಗು. ಪ್ರತಿ ರಾಜನಿಗೂ ಒಂದು ಸಾಲಿನ ತೀರ್ಪು: ಒಳ್ಳೆಯದು ಮಾಡಿದ, ಇಲ್ಲವೇ ಕೆಟ್ಟದ್ದು ಮಾಡಿದ. ಒಬ್ಬ ರಾಜ ಹೊಸ ರಾಜಧಾನಿಯನ್ನೇ ಕಟ್ಟಿದನಂತೆ, ಶತ್ರುಗಳ ಕಲ್ಲಿನಲ್ಲೂ ಅವನ ಹೆಸರಿದೆಯಂತೆ; ಇವರ ಗ್ರಂಥದಲ್ಲಿ ಅವನಿಗೆ ಸಿಕ್ಕದ್ದು ಕೆಲವೇ ಸಾಲು, ಅದೂ ಬೈಗುಳ. "ನಮ್ಮ ಮಂತ್ರಿಗಳಿಗೆ ಹಿಂಗ ಬರದ್ರ ಹ್ಯಾಂಗಿರ್ತದ?" ಎಂದು ಕಣ್ಣು ಮಿಟುಕಿಸುತ್ತಿದ್ದರು.

ಮನಸ್ಸೆ ಎಂಬ ರಾಜನ ಬಗ್ಗೆ ನಮ್ಮಿಬ್ಬರಿಗೆ ದೊಡ್ಡ ಜಗಳವೇ ಆಗಿತ್ತು. ಆ ಗ್ರಂಥದ ಒಂದು ಪುಸ್ತಕದಲ್ಲಿ ಅವನಷ್ಟು ಕೆಟ್ಟವನು ಮತ್ತೊಬ್ಬನಿಲ್ಲ; ದೇಶ ಹಾಳಾದದ್ದೇ ಅವನಿಂದ. ಇನ್ನೊಂದು ಪುಸ್ತಕದಲ್ಲಿ ಅದೇ ಮನಸ್ಸೆ ಸೆರೆ ಸಿಕ್ಕು, ಅತ್ತು, ತಪ್ಪು ಒಪ್ಪಿಕೊಂಡು, ತಿರುಗಿ ಬಂದು ಒಳ್ಳೆಯವನಾಗುತ್ತಾನೆ.

"ಎರಡರಾಗ ಒಂದು ಸುಳ್ಳ ಇರಬೇಕಲ್ರಿ ಸರ್. ಅದನ್ನ ಹರ್ದು ಒಗೀಬೇಕಿತ್ತು" ಎಂದೆ.

"ಒಗೀಲಿಲ್ಲ ನೋಡು, ಅದೇ ದೊಡ್ಡದು. ಮೊದಲನೇದು ಬರದೋರು ಎಲ್ಲಾ ಕಳ್ಕೊಂಡ ಮ್ಯಾಲ ಕುಂತು, ನಮಗ್ಯಾಕ ಹಿಂಗಾಯ್ತು ಅಂತ ಕೇಳ್ಕೊಂಡ್ರು. ಎರಡನೇದು ಬರದೋರು ಊರಿಗೆ ತಿರುಗಿ ಬಂದ ಮ್ಯಾಲ, ಇನ್ನ ಬದುಕೋದು ಹ್ಯಾಂಗ ಅಂತ ಕೇಳ್ಕೊಂಡ್ರು. ರಾಜ ಅವನೇ, ಕೇಳೋ ಮಂದಿ ಬ್ಯಾರೆ. ಎರಡನ್ನೂ ಒಂದೇ ಗ್ರಂಥದಾಗ ಇಟ್ರು, ಓದೋನು ತ್ರಾಸ ಪಡ್ಲಿ ಅಂತ."

"ನನಗಂತೂ ಇದು ನ್ಯಾಯ ಅನ್ಸಂಗಿಲ್ಲ" ಎಂದೆ. ನನಗೆ ಕೋಪ ಮೂಗಿನ ತುದಿಯಲ್ಲೇ ಇರುತ್ತದೆ. ಸತ್ತು ಎರಡೂವರೆ ಸಾವಿರ ವರ್ಷವಾದ ರಾಜನ ಮೇಲೂ ಬರುತ್ತದೆ.

ಅಷ್ಟರಲ್ಲಿ ಗಣಿತದ ಸಾಹೇಬರು, ಚಿತ್ತಾಪುರದವರು, ಭಾಳ ಸಾಧು ಮನುಷ್ಯ, "ಹಜ್ರತ್ ದಾವೂದ್ ನಬಿ ನಮ್ಮಲ್ಲೂ ಅದಾರ್ರಿ. ನಿಮ್ಮ ಪುಸ್ತಕದಾಗ ಅವರ ಮ್ಯಾಲ ಏನೋ ಒಂದು ಕೆಟ್ಟ ಕಿಸ್ಸಾ ಅದಂತಲ್ಲ?" ಎಂದು ಕೇಳಿದರು. ಮಾಸ್ತರರು ಡಬ್ಬಿಯ ಮುಚ್ಚಳ ಹಾಕಿದರು. "ದಾವೀದನ ಮಾತು ಬ್ಯಾಡ್ರಿ ಈಗ, ಗಂಟಿ ಆಯ್ತು" ಎಂದು ಎದ್ದು ಹೋದರು. ಗಂಟೆ ಆಗಿರಲಿಲ್ಲ. ನಾವು ನಮ್ಮ ಪಾಡಿಗೆ ಊಟ ಮುಗಿಸಿದೆವು.

ಈಗ ನನ್ನ ಅಪ್ಪನ ವಿಷಯ ಹೇಳಬೇಕು. ಅದು ಇಲ್ಲದೆ ಮಾಸ್ತರರ ವಿಷಯವಿಲ್ಲ.

ಅಪ್ಪ ಅದೇ ಶಾಲೆಯ ಚಪರಾಸಿ. ಶಾಲೆ ಕಟ್ಟಿಸಿದ ಹೆಡ್‌ಮಾಸ್ತರರು ಊರಿಗೆ ದೇವರಂಥವರು. ಖಣಿ ಖಣಿ ತಿರುಗಿ ಕಲ್ಲು ಬೇಡಿ ತಂದು ಗೋಡೆ ಎಬ್ಬಿಸಿದವರು, ಹೆಣ್ಣುಮಕ್ಕಳನ್ನು ಮನೆಮನೆಗೆ ಹೋಗಿ ಕರೆತಂದವರು. ಅದರಲ್ಲಿ ಸುಳ್ಳೇನೂ ಇಲ್ಲ; ನಾನೂ ಹಾಗೆ ಬಂದವಳೇ. ನಾನು ನಾಲ್ಕನೆಯ ತರಗತಿಯಲ್ಲಿದ್ದಾಗ ಏಳನೆಯವರ ದೊಡ್ಡ ಪರೀಕ್ಷೆಯ ಪ್ರಶ್ನೆಪತ್ರಿಕೆಯ ಕಟ್ಟು ಹಿಂದಿನ ದಿನ ಶಾಲೆಗೆ ಬಂದು ಕಪಾಟು ಸೇರಿತ್ತು. ಬೆಳಿಗ್ಗೆ ನೋಡಿದರೆ ಅದರ ಅರಗಿನ ಸೀಲು ಒಡೆದಿತ್ತು. ಕಪಾಟಿನ ಕೀಲಿ ಇದ್ದದ್ದು ಇಬ್ಬರ ಹತ್ತಿರ, ಹೆಡ್‌ಮಾಸ್ತರರು ಮತ್ತು ಅಪ್ಪ. ಹೆಡ್‌ಮಾಸ್ತರರ ಮೇಲೆ ಯಾರು ಅನುಮಾನ ಪಡುತ್ತಾರೆ? ಪಂಚನಾಮೆ ಆಯಿತು. "ಚಪರಾಸಿಯು ನಮ್ಮ ಸಮಕ್ಷಮ ತಪ್ಪೊಪ್ಪಿಕೊಂಡಿರುತ್ತಾನೆ" ಎಂದು ಬರೆದು, ಕೆಳಗೆ ಸಾಕ್ಷಿಯ ಸಹಿ. ಸಹಿ ಹಾಕಿದವರು ಆಗ ತಾನೇ ಕೆಲಸಕ್ಕೆ ಸೇರಿದ್ದ ಇತಿಹಾಸದ ಮಾಸ್ತರರು.

ಆ ಪಂಚನಾಮೆಯನ್ನು ಲಕೋಟೆಯಲ್ಲಿಟ್ಟು, ಅರಗು ಹಚ್ಚಿ, ಚಿತ್ತಾಪುರದ ಶಿಕ್ಷಣ ಕಚೇರಿಗೆ ಕೊಟ್ಟು ಬಾ ಎಂದು ಅಪ್ಪನ ಕೈಯಲ್ಲೇ ಕೊಟ್ಟರು. ಟಪಾಲು ಒಯ್ಯುವುದು ಚಪರಾಸಿಯ ಕೆಲಸ ತಾನೆ! ಅಪ್ಪ ಅದನ್ನು ಹೊಲಸಾಗದಂತೆ ಟವೆಲಿನಲ್ಲಿ ಸುತ್ತಿಕೊಂಡು ಗಾಡಿ ಹತ್ತಿ, ಚಿತ್ತಾಪುರದಲ್ಲಿ ಕೊಟ್ಟು, ಮುಟ್ಟಿದ್ದಕ್ಕೆ ಸಹಿ ಮಾಡಿಸಿಕೊಂಡು ಬಂದ. ಎಂಟು ದಿನಕ್ಕೆ ಕೆಲಸ ಹೋಯಿತು. ಆಮೇಲೆ ಶಹಾಬಾದಿನ ಖಣಿಯಲ್ಲಿ ನೆಲಕ್ಕೆ ಹಾಸುವ ಫರ್ಸಿ ಕಲ್ಲು ಹೊತ್ತ.

ಶಾಲೆಯಲ್ಲಿ ನನ್ನನ್ನು "ಸೀಲು ಒಡದವನ ಮಗಳು" ಎಂದು ಕರೆಯುತ್ತಿದ್ದರು. ಹೈಸ್ಕೂಲಿಗೆ ಬಂದ ಮೇಲೆ ಕೆಲಸದಿಂದ ತೆಗೆದ ಆದೇಶದ ಜೊತೆ ಬಂದು ಟ್ರಂಕಿನಲ್ಲಿದ್ದ ಪಂಚನಾಮೆಯ ನಕಲು ನಾನೇ ಓದಿದೆ. ಅಪ್ಪನ ಮುಂದೆ ಹಿಡಿದು, ಇದೇನಪ್ಪ ಎಂದು ಕೇಳಿದೆ.

"ನಾ ಒಡದಿಲ್ಲವ್ವ. ಸೀಲು ಒಡಿಯೋನು ಆಗಿದ್ರ ಆ ಲಕೋಟಿ ಸೀಲೂ ಒಡೀತಿದ್ದಿಲ್ಲೇನು? ನನ್ನ ಕೈಯಾಗೇ ಇತ್ತಲ್ಲ."

ನಾನು ಏನಂದೆ ಗೊತ್ತೇ? "ಮಾಸ್ತರ ಸಹಿ ಹಾಕ್ಯಾರ. ಅವರೇನು ಸುಳ್ಳು ಹೇಳ್ತಾರೇನು?" ಎಂದೆ. ಅಪ್ಪ ಮತ್ತೆ ಆ ಮಾತೆತ್ತಲಿಲ್ಲ.

ಯಾಕೆಂದರೆ ಆ ಹೊತ್ತಿಗೆ ಮಾಸ್ತರರು ನನ್ನ ಪಾಲಿಗೆ ಎಲ್ಲವೂ ಆಗಿದ್ದರು. ವಾರಕ್ಕೆ ಎರಡು ಸಲ ನಮ್ಮ ಮನೆಗೆ ಬಂದು ಪಾಠ ಹೇಳುತ್ತಿದ್ದರು. ಪುಸ್ತಕ ತರುತ್ತಿದ್ದರು. ಕಾಲೇಜಿನ ಅರ್ಜಿ, ಬಿ.ಎಡ್. ಅರ್ಜಿ, ಎಲ್ಲವನ್ನೂ ಜೊತೆಗೆ ಕುಳಿತು ತುಂಬಿಸಿದರು. ಅದೇ ಶಾಲೆಯಲ್ಲಿ ಕನ್ನಡ ಟೀಚರ್ ಜಾಗ ಖಾಲಿಯಾದಾಗ, ನನ್ನನ್ನು ತೆಗೆದುಕೊಳ್ಳಬೇಕೆಂದು ಆಡಳಿತದವರ ಜೊತೆ ಜಗಳವಾಡಿದರು. ಕಳ್ಳನ ಮಗಳೆಂದು ಬಿಟ್ಟುಬಿಡದೆ ಕೈ ಹಿಡಿದ ದೊಡ್ಡ ಮನಸ್ಸು ಎಂದು ನಾನು ಊರೆಲ್ಲ ಹೇಳಿಕೊಂಡು ತಿರುಗಿದೆ. ಅಪ್ಪ ಮತ್ತು ಅವರು ನಮ್ಮ ಮನೆಯ ಮುಂದೆ ಕುಳಿತು ಚಹಾ ಕುಡಿಯುತ್ತಿದ್ದರು. ಇಬ್ಬರೂ ಹೆಚ್ಚು ಮಾತಾಡುತ್ತಿರಲಿಲ್ಲ.

ಅಪ್ಪ ತೀರಿಕೊಂಡ ಎರಡು ವರ್ಷಕ್ಕೆ ಶಾಲೆಯ ಸುವರ್ಣ ಮಹೋತ್ಸವ ಬಂತು. ಸ್ಮರಣ ಸಂಚಿಕೆಗೆ ನಾನು ಕರಡು ತಿದ್ದುವವಳು. ಅಷ್ಟರಲ್ಲಿ ಕಾಲವಾಗಿದ್ದ ಹೆಡ್‌ಮಾಸ್ತರರ ಜೀವನವನ್ನು ಮಾಸ್ತರರೇ ಬರೆದರು. ಕಲ್ಲು ತಂದದ್ದು, ಗೋಡೆ ಕಟ್ಟಿದ್ದು, ಹೆಣ್ಣುಮಕ್ಕಳನ್ನು ಕರೆತಂದದ್ದು, ಎಲ್ಲವೂ ಇತ್ತು. ಸೀಲಿನ ಪ್ರಕರಣ ಇರಲಿಲ್ಲ. ನನಗೆ ಮುಜುಗರವಾಗದಿರಲೆಂದು ಬಿಟ್ಟಿದ್ದಾರೆ ಎಂದುಕೊಂಡೆ. ಕಣ್ಣು ತುಂಬಿ ಬಂತು, ಆಣೆ ಮಾಡಿ ಹೇಳುತ್ತೇನೆ.

ಸಂಚಿಕೆಯ ಕೊನೆಗೆ ಶಾಲೆಯಲ್ಲಿ ದುಡಿದವರ ಪಟ್ಟಿ. ಅದನ್ನೂ ಅವರೇ ಕೈಬರಹದಲ್ಲಿ ಬರೆದು ಕೊಟ್ಟಿದ್ದರು. ಮೂರು ಕಾಲಂ: ಹೆಸರು, ಕೆಲಸ, ಊರು. ನೋಡುತ್ತೇನೆ, ಮಾಸ್ತರರ ಸಾಲಿನಲ್ಲಿ, ಗಣಿತದ ಸಾಹೇಬರ ಮೇಲೆ, ನನ್ನ ಅಪ್ಪನ ಹೆಸರು! ಕೆಲಸದಿಂದ ತೆಗೆದ ಚಪರಾಸಿಯ ಹೆಸರು ಯಾರಾದರೂ ಹಾಕುತ್ತಾರೆಯೇ? ಉಳಿದವರ ಮುಂದೆ ಸೇಡಂ, ಚಿಂಚೋಳಿ, ಚಿತ್ತಾಪುರ ಎಂದು ಊರು ಬರೆದಿತ್ತು. ಅಪ್ಪನ ಮುಂದೆ, ಊರಿನ ಕಾಲಮಿನಲ್ಲಿ, "ಊರೀಯ" ಎಂದಿತ್ತು.

ಅಪ್ಪ ವಾಡಿಯವನೇ. ಭಾರತದವನು ಭಾರತೀಯನಾದರೆ ಊರವನು ಊರೀಯ ಎಂದು ಮಾಸ್ತರರು ಹೊಸ ಪದ ಹೊಸೆದಿದ್ದಾರೆ ಎಂದುಕೊಂಡೆ. ಕನ್ನಡ ಟೀಚರ್ ನಾನು, ಬಿಡುತ್ತೇನೆಯೇ? ಕೆಂಪು ಶಾಯಿಯಲ್ಲಿ ಅದನ್ನು ಹೊಡೆದು ಹಾಕಿ "ಸ್ಥಳೀಯ" ಎಂದು ಬರೆದೆ. ಬರೆದು ಸುಮ್ಮನಿರಬಾರದೇ? ಸ್ಟಾಫ್ ರೂಮಿನಲ್ಲಿ ಎಲ್ಲರ ಮುಂದೆ ಎತ್ತಿ ತೋರಿಸಿದೆ.

"ಸರ್, ಅಚ್ಚಗನ್ನಡ ಊರಿಗೆ ಸಂಸ್ಕೃತದ ಬಾಲ ಹಚ್ಚೀರಲ್ರಿ! ಹಂಗಿದ್ರ ನಮ್ಮ ಸಾಹೇಬರು ಚಿತ್ತಾಪುರೀಯ, ನೀವು ಶಹಾಬಾದೀಯ!"

ಎಲ್ಲರೂ ಬಿದ್ದು ಬಿದ್ದು ನಕ್ಕರು. ತಿಂಗಳುಗಟ್ಟಲೆ ನಮಗೆ ಅದೇ ಆಟ. ಚಹಾ ತಂದರೆ "ಊರೀಯ ಚಹಾನೋ ಹೋಟಲೀಯ ಚಹಾನೋ?" ಎಂದು ಕೇಳುವುದು. ಅಂದು ಮಾಸ್ತರರೂ ನಕ್ಕರು. ನಗುತ್ತಾ ನಗುತ್ತಾ ಕಣ್ಣಲ್ಲಿ ನೀರು ಬಂತು. "ಯಾಕ ಹಂಗ ಬರದೀನಿ ಅಂತ ಕೇಳಂಗಿಲ್ಲೇನು ಯವ್ವಾ?" ಎಂದರು. "ಕೇಳೋದೇನ್ರಿ, ವ್ಯಾಕರಣ ತಪ್ಪದ" ಎಂದೆ. ಕರವಸ್ತ್ರದಿಂದ ಮುಖ ಒರೆಸಿಕೊಂಡು ಹೊರಗೆ ಹೋದರು.

ಇನ್ನು ಚರ್ಚಿನ ಆ ದಿನಕ್ಕೆ ಬರುತ್ತೇನೆ. ಪಾಸ್ಟರರು ಮೊದಲೇ ಹೇಳಿದರು: "ಸತ್ತಾಗ ಯಾರೂ ಈ ಭಾಗ ಓದಸಂಗಿಲ್ಲ. ಆದ್ರ ಮಾಸ್ತರರು ಬರ್ದು ಇಟ್ಟು ಹೋಗ್ಯಾರ, ಇದನ್ನೇ ಓದ್ರಿ ಅಂತ." ಆಮೇಲೆ ಕಥೆ ಹೇಳಿದರು. ದಾವೀದ ದೊಡ್ಡ ರಾಜ, ದೇವರಿಗೆ ಬೇಕಾದವನು. ಅವನ ಸೈನ್ಯದಲ್ಲಿ ನಿಯತ್ತಿನ ಒಬ್ಬ ಸಿಪಾಯಿ. ರಾಜ ಆ ಸಿಪಾಯಿಯ ಹೆಂಡತಿಯನ್ನು ಕೆಡಿಸಿದ. ತಪ್ಪು ಮುಚ್ಚಿಕೊಳ್ಳಲು, ಇವನನ್ನು ಯುದ್ಧದಲ್ಲಿ ಸಾಯಲು ಬಿಡಿ ಎಂದು ಸೇನಾಪತಿಗೆ ಪತ್ರ ಬರೆದ. ಆ ಪತ್ರವನ್ನು ಆ ಸಿಪಾಯಿಯ ಕೈಯಲ್ಲೇ ಕೊಟ್ಟು ಕಳಿಸಿದ. ಅವನು ತೆರೆದು ನೋಡಲಿಲ್ಲ. ಒಯ್ದು ಕೊಟ್ಟ. ಸತ್ತ.

"ಆ ಸಿಪಾಯಿ ಹೆಸರು ಊರೀಯ" ಎಂದರು ಪಾಸ್ಟರರು.

ನಾನು ಎದ್ದು ನಿಂತದ್ದು ಆಗ.

ಅವರು ಮುಂದುವರಿಸಿದರು. ತಿರುಗಿ ಬಂದವರು ಬರೆದ ಎರಡನೆಯ ಪುಸ್ತಕದಲ್ಲಿ ದಾವೀದನ ಈ ತಪ್ಪೇ ಇಲ್ಲವಂತೆ. ಪೂರಾ ಬಿಟ್ಟಿದ್ದಾರೆ. ರಾಜ ಗುಡಿಗೆ ಸಿದ್ಧತೆ ಮಾಡಿದ್ದು, ಹಾಡುಗಾರರನ್ನು ನೇಮಿಸಿದ್ದು, ಎಲ್ಲಾ ಒಳ್ಳೆಯದೇ. "ಆದ್ರ ಅದೇ ಪುಸ್ತಕದಾಗ ರಾಜನ ಶೂರರ ಒಂದು ಪಟ್ಟಿ ಅದ. ಆ ಪಟ್ಟಿಯೊಳಗ ಊರೀಯನ ಹೆಸರು ಹಂಗೇ ಉಳದದ. ತಪ್ಪು ಬಿಟ್ರು, ಹೆಸರು ಬಿಡ್ಲಿಲ್ಲ. ಹೆಸರು ಓದಿದ ಯೆಹೂದ್ಯರ ಮಕ್ಕಳು, ಇವನ್ಯಾರು ಅಂತ ಕೇಳ್ತಿದ್ರು. ಕೇಳಿದ್ರ ಹೇಳಬೇಕಲ್ಲ" ಎಂದರು.

ಕೇಳಿದರೆ ಹೇಳಬೇಕಲ್ಲ! ಟವೆಲಿನಲ್ಲಿ ಸುತ್ತಿದ ಲಕೋಟೆ. ಗಾಡಿಯ ಕಿಟಕಿಯ ಪಕ್ಕ ಕುಳಿತ ಅಪ್ಪ. ಅವನು ಒಡೆದಿರಲಿಲ್ಲ. ಇವರು ನೋಡಿರಲಿಲ್ಲ. ನೋಡದ್ದಕ್ಕೆ ಸಹಿ ಹಾಕಿದರು, ಹಾಕಿ ಅಷ್ಟು ವರ್ಷ ನಮ್ಮ ಮನೆಯ ಚಹಾ ಕುಡಿದರು, ನನಗೆ ವ್ಯಾಕರಣ ಕಲಿಸಿದರು. ಒಂದೇ ಒಂದು ಸಲ, ಒಂದೇ ಒಂದು ಪದದಲ್ಲಿ ಹೇಳಲು ಬಂದರು. ಆ ಪದವನ್ನು ನಾನೇ ಹೊಡೆದು ಹಾಕಿದೆ.

ಮಣ್ಣಿಗೆ ಹೋಗಲಿಲ್ಲ ನಾನು. ನೇರವಾಗಿ ಅವರ ಮನೆಗೆ ಹೋಗಿ ಪಡಸಾಲೆಯಲ್ಲಿ ಕುಳಿತೆ. ಮಣ್ಣು ಮುಗಿಸಿಕೊಂಡು ಅವರ ಹೆಂಡತಿ ಬಂದರು. ಗಂಡನನ್ನು ಹೂಳಿ ಬಂದ ಹೆಂಗಸಿನ ಮುಂದೆ ಕೂಗಾಡಬಾರದು, ಗೊತ್ತು. ಕೂಗಾಡಿದೆ.

"ಸತ್ತ ಮ್ಯಾಲ ಹೇಳೋದು ಇದ್ಯಾವ ಧೈರ್ಯರೀ ಅಮ್ಮಾ? ನನ್ನ ಅಪ್ಪ ಕಳ್ಳ ಅಂತ ಅನಿಸ್ಕೊಂಡೇ ಸತ್ತ. ಊರ ಮಂದಿ ಅಂದ್ರು ಅಂತಲ್ಲ, ನಾ ಅಂದೆ. ಯಾಕ ಅಂದೆ? ನಿಮ್ಮ ಯಜಮಾನರ ಸಹಿ ನೋಡಿ ಅಂದೆ!"

ಅವರು ನನ್ನನ್ನು ತಡೆಯಲಿಲ್ಲ. ನಾನು ಸುಮ್ಮನಾಗುವವರೆಗೆ ಕಾದು, ಹತ್ತಿರ ಕುಳಿತು ಹೇಳಿದರು. ಸೀಲು ಒಡೆದದ್ದು ಹೆಡ್‌ಮಾಸ್ತರರೇ. ಶಾಲೆಗೆ ಜಾಗ ಕೊಟ್ಟ ದೊಡ್ಡ ಮನುಷ್ಯನ ಮೊಮ್ಮಗ ಪಾಸಾಗಬೇಕಿತ್ತು. ಸಹಿ ಹಾಕದಿದ್ದರೆ ಶಾಲೆ ಮುಚ್ಚುತ್ತದೆ, ನಿನ್ನ ಕೆಲಸವೂ ಹೋಗುತ್ತದೆ ಎಂದು ಮಾಸ್ತರರನ್ನು ಹೆದರಿಸಿದರು. ಹೆದರಿದರು, ಹಾಕಿದರು. "ನಿಮ್ಮ ಕೆಂಪು ಗೆರಿ ನೋಡಿ ಮನಿಗೆ ಬಂದು ಎರಡು ದಿನ ಉಣ್ಣಲಿಲ್ಲ. ಆಕೀನೇ ಹೊಡದು ಹಾಕ್ಯಾಳ, ಇನ್ನ ನಾ ಯಾವ ಬಾಯಿಲೆ ಹೇಳ್ಲಿ ಅಂದ್ರು."

"ಬಾಯಿ ಇತ್ತಲ್ರಿ! ದಿನಾ ರಾಜರ ಸುದ್ದಿ ಹೇಳ್ತಿತ್ತಲ್ರಿ ಆ ಬಾಯಿ!"

"ಹೇಳಾಕ ಹೋಗಿದ್ರವ್ವ" ಎಂದರು ಅವರು. "ನಿಮ್ಮಪ್ಪನ ಹತ್ರ ಹೋಗಿದ್ರು. ನೀವು ಬಿ.ಎಡ್.ಗೆ ಅರ್ಜಿ ಹಾಕಿದ ವರ್ಷ. ಕಾಲಿಗೆ ಬಿದ್ದು, ನಾಳೆ ಚಿತ್ತಾಪುರಕ್ಕ ಹೋಗಿ ಖರೆ ಬರ್ದು ಕೊಡ್ತೀನಿ, ನಿನ್ನ ಮಗಳಿಗೂ ಹೇಳ್ತೀನಿ ಅಂದ್ರಂತ. ನಿಮ್ಮಪ್ಪ ಬ್ಯಾಡ ಅಂದ."

ನಾನು ನಂಬಲಿಲ್ಲ. "ಬ್ಯಾಡ ಅಂದ್ನಾ? ಯಾಕ?"

"'ಸರ್, ಈ ಊರಾಗ ಆಕಿ ನಿಮ್ಮ ಒಬ್ಬರ ಮಾತು ನಂಬ್ತಾಳ. ನಿಮ್ಮದೂ ಸುಳ್ಳು ಅಂತ ಗೊತ್ತಾದ್ರ ಆಕಿ ಓದೇ ಬಿಡ್ತಾಳ, ಆಕೀ ಸಿಟ್ಟು ನನಗ ಗೊತ್ತದ. ನಾ ಹ್ಯಾಂಗೂ ಕಳ್ಳ ಆಗಿ ಹೋಗೀನಿ. ಇರ್ಲಿ ಬಿಡ್ರಿ' ಅಂದ್ನಂತ."

ಮಾಸ್ತರರ ಪದ್ಧತಿಯಲ್ಲೇ ಅವರಿಗೊಂದು ಸಾಲಿನ ತೀರ್ಪು ಬರೆಯಬೇಕೆಂದು ಕುಳಿತಿದ್ದೆ. ಒಳ್ಳೆಯದು ಮಾಡಿದರು, ಕೆಟ್ಟದ್ದು ಮಾಡಿದರು. ಎರಡರಲ್ಲಿ ಯಾವುದನ್ನೂ ಹೊಡೆದು ಹಾಕಲು ನನಗೆ ಧೈರ್ಯವಿಲ್ಲ. ಅಪ್ಪ ಬೇಡ ಎಂದ ಮಾತನ್ನು ಅವರು ತಮಗೆ ಅನುಕೂಲವಾಯಿತೆಂದು ಹಿಡಿದುಕೊಂಡರೋ, ಅಪ್ಪನ ಮಾತು ಉಳಿಸಲು ನುಂಗಿಕೊಂಡರೋ, ಕೇಳೋಣವೆಂದರೆ ಅವರಿಲ್ಲ. ಕೇಳಬೇಕಿದ್ದ ಹೊತ್ತಿನಲ್ಲಿ ನಾನು ವ್ಯಾಕರಣ ಎಂದೆ.

ಆದರೆ ಸೇಡಂಗೆ ತಿರುಗಿ ಹೋಗುವಾಗ ಗಾಡಿಯಲ್ಲಿ ನಾನು ಯೋಚಿಸುತ್ತಿದ್ದದ್ದು ಮಾಸ್ತರರ ಬಗ್ಗೆ ಅಲ್ಲ. ವಾಡಿಯ ಶಾಲೆಯಲ್ಲಿ ನನಗೆ ಕೆಲಸವಾಗಿ ಮೊದಲ ದಿನ ಹೊರಟಾಗ ಅಪ್ಪ ತೊಳೆದ ಧೋತರ ಉಟ್ಟು, ತಲೆಗೆ ಎಣ್ಣೆ ಹಚ್ಚಿಕೊಂಡು ತಯಾರಾಗಿದ್ದ. "ಗೇಟಿನ ತನಕ ಬರ್ತೀನವ್ವ. ಒಳಗ ಬರಂಗಿಲ್ಲ, ನೀ ಒಳಗ ಹೋಗೋದು ನೋಡಿ ಬರ್ತೀನಿ" ಎಂದ. ನಾನು ಚಪ್ಪಲಿ ಮೆಟ್ಟುತ್ತಾ, ಮುಖವನ್ನೂ ನೋಡದೆ, "ನೀ ಬರಬ್ಯಾಡಪ್ಪ. ಅಲ್ಲಿ ಎಲ್ಲಾರಿಗೂ ಗೊತ್ತದ" ಎಂದೆ.

"ಆಯ್ತವ್ವ, ನೀ ಹೋಗಿ ಬಾ" ಎಂದು ಅಪ್ಪ ಅಲ್ಲೇ ಹೊಸ್ತಿಲ ಮೇಲೆ ಕುಳಿತ.